ಶುಶ್ರೂಷೆ: ಕೇಳುವ ವಿದ್ಯೆ

(ಬಾನುಲಿ ಭಾಷಣ)

ಕೆಲವು ಪದಗಳು ದಿನವೂ ನಮ್ಮ ನಾಲಗೆಯ ಮೇಲೆ ಓಡಾಡುತ್ತವೆ. ಅವುಗಳ ಒಳಗೇನಿದೆ ಎಂದು ನಾವು ತೆರೆದು ನೋಡುವುದಿಲ್ಲ. 'ಶುಶ್ರೂಷೆ' ಎಂಬುದು ಅಂಥದೊಂದು ಪದ. ರೋಗಿಯ ಆರೈಕೆ ಎಂಬ ಅರ್ಥದಲ್ಲಿ ಅದನ್ನು ಬಳಸುತ್ತೇವೆ. ಆದರೆ ಅದರ ಮೂಲ ಬೇರೆಯೇ ಇದೆ. ಸಂಸ್ಕೃತದಲ್ಲಿ 'ಶ್ರು' ಎಂದರೆ ಕೇಳು. ಬಯಕೆಯನ್ನು ಸೂಚಿಸುವ ರೂಪದಲ್ಲಿ ಅದು 'ಶುಶ್ರೂಷಾ' ಆಗುತ್ತದೆ. ಎಂದರೆ ಕೇಳಬೇಕೆಂಬ ಇಚ್ಛೆ. ಗುರುವಿನ ಮಾತನ್ನು ಕೇಳಬಯಸಿದ ಶಿಷ್ಯ ಅವನ ಬಳಿಯೇ ನಿಂತ, ಅವನು ಹೇಳಿದ್ದನ್ನು ಮಾಡಿದ. ಹೀಗೆ ಕೇಳುವ ಇಚ್ಛೆ ವಿಧೇಯತೆಯಾಯಿತು, ವಿಧೇಯತೆ ಸೇವೆಯಾಯಿತು, ಸೇವೆ ಕೊನೆಗೆ ರೋಗಿಯ ಹಾಸಿಗೆಯ ಪಕ್ಕಕ್ಕೆ ಬಂದು ನಿಂತಿತು. 'ದಾದಿ' ಎಂಬ ಮಾತು 'ಧಾತ್ರಿ'ಯಿಂದ ಬಂದದ್ದು. ಹಾಲೂಡಿ ಸಲಹುವವಳು ಎಂದು ಅದರ ಅರ್ಥ. ಇಂಗ್ಲಿಷಿನ 'ನರ್ಸ್' ಎಂಬ ಪದದ ಲ್ಯಾಟಿನ್ ಮೂಲವೂ ಅದನ್ನೇ ಹೇಳುತ್ತದೆ. ಆ ಎರಡು ಪದಗಳು ವಾತ್ಸಲ್ಯವನ್ನು ಹೇಳಿದರೆ, ನಮ್ಮ 'ಶುಶ್ರೂಷೆ' ಎಂಬ ಪದವೊಂದೇ ಕಿವಿಯ ಕೆಲಸವನ್ನು ಹೇಳುತ್ತದೆ.

ನಿವೃತ್ತನಾದ ಮೇಲೆ ನನ್ನ ಮನೆಗೆ ಸಲಹೆ ಕೇಳಲು ಬರುವವರಲ್ಲಿ ಪಿ.ಯು.ಸಿ. ಮುಗಿಸಿದ ಮಕ್ಕಳ ತಂದೆತಾಯಿಯರೇ ಹೆಚ್ಚು. "ಮೇಷ್ಟ್ರೇ, ಮಗಳಿಗೆ ಮೆಡಿಕಲ್ ಸಿಗಲಿಲ್ಲ, ನರ್ಸಿಂಗಿಗಾದರೂ ಸೇರಿಸೋಣವೆ?" ಎಂದು ಅವರು ಕೇಳುತ್ತಾರೆ. ಆ 'ಆದರೂ' ಎಂಬ ಮೂರಕ್ಷರ ನನ್ನನ್ನು ಚುಚ್ಚುತ್ತದೆ. ವೈದ್ಯವಿದ್ಯೆಯ ಬಾಗಿಲು ಮುಚ್ಚಿದವರಿಗೆ ಉಳಿದಿರುವ ಹಿಂಬಾಗಿಲು ಇದು ಎಂಬ ಭಾವನೆ ಅದರಲ್ಲಿದೆ. ಶುಶ್ರೂಷಾ ಪದವಿ ಎಂದರೇನು, ಅದರಲ್ಲಿ ಏನನ್ನು ಕಲಿಸುತ್ತಾರೆ, ಅದನ್ನು ಕಲಿತವರು ಎಲ್ಲೆಲ್ಲಿಗೆ ಹೋಗಬಲ್ಲರು ಎಂಬುದನ್ನು ವಿವರಿಸಿ, ಆ 'ಆದರೂ' ಎಂಬುದನ್ನು ಅಳಿಸಲು ಸಾಧ್ಯವೇ ಎಂದು ನೋಡುವುದು ಈ ಭಾಷಣದ ಉದ್ದೇಶ.

ಆರೈಕೆಗೆ ಓದು ಬೇಕೆ ಎಂದು ಕೇಳುವವರುಂಟು. ಪ್ರೀತಿಯೊಂದಿದ್ದರೆ ಸಾಲದೆ ಎನ್ನುತ್ತಾರೆ. ನಮ್ಮ ಪ್ರಾಚೀನರು ಹಾಗೆ ತಿಳಿದಿರಲಿಲ್ಲ. ಚರಕಸಂಹಿತೆಯು ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳುತ್ತದೆ: ವೈದ್ಯ, ಔಷಧ, ಪರಿಚಾರಕ, ರೋಗಿ. ಪರಿಚಾರಕನಿಗೆ ನಾಲ್ಕು ಗುಣಗಳಿರಬೇಕು ಎನ್ನುತ್ತದೆ. ಮೊದಲನೆಯದು ಉಪಚಾರದ ಅರಿವು, ಎರಡನೆಯದು ದಕ್ಷತೆ, ಮೂರನೆಯದು ರೋಗಿಯಲ್ಲಿ ಅನುರಾಗ, ನಾಲ್ಕನೆಯದು ಶುಚಿತ್ವ. ಪ್ರೀತಿಗೆ ಅಲ್ಲಿ ಮೂರನೆಯ ಸ್ಥಾನ, ಅರಿವಿಗೆ ಮೊದಲನೆಯದು. ಇದು ಪ್ರೀತಿಯನ್ನು ಕೀಳುಗಳೆಯುವ ಮಾತಲ್ಲ. ಅರಿವಿಲ್ಲದ ಪ್ರೀತಿ ಜ್ವರ ಬಂದ ಮಗುವಿಗೆ ಕಂಬಳಿಯ ಮೇಲೆ ಕಂಬಳಿ ಹೊದಿಸುತ್ತದೆ ಎಂಬುದನ್ನು ಬಲ್ಲವರ ಮಾತು.

ಆಧುನಿಕ ಶುಶ್ರೂಷೆಗೆ ಅಡಿಪಾಯ ಹಾಕಿದ ಫ್ಲಾರೆನ್ಸ್ ನೈಟಿಂಗೇಲ್ ಅವರನ್ನು ನಾವು ಕೈಯಲ್ಲಿ ದೀಪ ಹಿಡಿದ ಕರುಣಾಮಯಿ ಎಂದು ಮಾತ್ರ ನೆನೆಯುತ್ತೇವೆ. ದೀಪದಷ್ಟೇ ಮುಖ್ಯವಾದ ಇನ್ನೊಂದು ವಸ್ತು ಅವರ ಕೈಯಲ್ಲಿತ್ತು. ಅದು ಲೆಕ್ಕದ ಪುಸ್ತಕ. 1854ರಲ್ಲಿ ಕ್ರಿಮಿಯಾ ಯುದ್ಧದ ಗಾಯಾಳುಗಳಿದ್ದ ಸ್ಕುಟಾರಿಯ ಆಸ್ಪತ್ರೆಗೆ ಹೋದಾಗ ಅವರು ಕಂಡದ್ದು ಹೊಲಸು, ಕೆಟ್ಟ ಚರಂಡಿ, ಗಾಳಿಯಿಲ್ಲದ ಕೋಣೆಗಳು. ಗಾಯದಿಂದ ಸತ್ತವರಿಗಿಂತ ರೋಗದಿಂದ ಸತ್ತ ಸೈನಿಕರು ಬಹಳ ಹೆಚ್ಚು ಎಂಬುದನ್ನು ಅವರು ಅಂಕಿಗಳಿಂದ ತೋರಿಸಿದರು. ಆ ಅಂಕಿಗಳನ್ನು ಚಿತ್ರವಾಗಿ ಬರೆದು ಆಳುವವರ ಕಣ್ಣಿಗೆ ಹಿಡಿದರು. 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಅವರ ಹೆಸರಿನ ಶಿಕ್ಷಣಶಾಲೆ ಆರಂಭವಾಯಿತು. ಆರೈಕೆಯೆಂಬುದು ಕಲಿಯಬೇಕಾದ, ಕಲಿಸಬಹುದಾದ, ಪರೀಕ್ಷಿಸಬಹುದಾದ ವಿದ್ಯೆ ಎಂಬುದು ಅಂದಿನಿಂದ ಸ್ಥಿರವಾಯಿತು. ಅವರ ಜನ್ಮದಿನವಾದ ಮೇ 12ನ್ನು ಜಗತ್ತು ದಾದಿಯರ ದಿನವೆಂದು ಆಚರಿಸುತ್ತದೆ.

ನಮ್ಮ ದೇಶದಲ್ಲಿ ಈ ವಿದ್ಯೆಗೆ ಮೊದಲು ಮನೆಮಾಡಿಕೊಟ್ಟವರಲ್ಲಿ ಮಿಷನರಿಗಳು ಪ್ರಮುಖರು. ವೆಲ್ಲೂರಿನಲ್ಲಿ ಡಾ. ಐಡಾ ಸ್ಕಡರ್ 1909ರಲ್ಲೇ ದಾದಿಯರ ಶಾಲೆಯನ್ನು ತೆರೆದರು. ಮಂಗಳೂರಿನ ಕಂಕನಾಡಿಯಲ್ಲಿ ಫಾದರ್ ಮುಲ್ಲರ್ ಅವರು 1880ರಲ್ಲಿ ಆರಂಭಿಸಿದ ಸಂಸ್ಥೆ, ಮೈಸೂರಿಗರು ಇಂದಿಗೂ ಮಿಷನ್ ಆಸ್ಪತ್ರೆ ಎಂದೇ ಕರೆಯುವ, 1906ರ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ, ಇವೆಲ್ಲ ಆ ಕಾಲದ ಕೊಡುಗೆಗಳು. ಅನ್ಯರ ಮೈ ಮುಟ್ಟುವ ಕೆಲಸ, ರಾತ್ರಿ ಮನೆಯಿಂದ ಹೊರಗಿರಬೇಕಾದ ಕೆಲಸ ಎಂದು ಮೇಲ್ಜಾತಿಯ ಮನೆಗಳು ಹೆಣ್ಣುಮಕ್ಕಳನ್ನು ಕಳುಹಿಸಲು ಹಿಂಜರಿಯುತ್ತಿದ್ದ ದಿನಗಳವು. ಆಗ ಮುಂದೆ ಬಂದವರು ಹೆಚ್ಚಾಗಿ ಕ್ರೈಸ್ತ ಹುಡುಗಿಯರು. ನಾವು ಇಂದು ಎಲ್ಲ ದಾದಿಯರನ್ನೂ 'ಸಿಸ್ಟರ್' ಎಂದು ಕರೆಯುವಾಗ ಕನ್ಯಾಮಠಗಳ ಆ ಹಳೆಯ ಸಂಬಂಧದ ನೆನಪು ಆ ಮಾತಿನಲ್ಲಿ ಉಳಿದಿದೆ. 1946ರಲ್ಲಿ ದೆಹಲಿಯಲ್ಲಿಯೂ ವೆಲ್ಲೂರಿನಲ್ಲಿಯೂ ಶುಶ್ರೂಷೆ ವಿಶ್ವವಿದ್ಯಾನಿಲಯದ ಪದವಿಯ ಮಟ್ಟಕ್ಕೇರಿತು. ದೆಹಲಿಯ ಆ ಕಾಲೇಜು ಮುಂದೆ ರಾಜಕುಮಾರಿ ಅಮೃತ್ ಕೌರ್ ಅವರ ಹೆಸರನ್ನು ಪಡೆಯಿತು. ಮರುವರ್ಷ, 1947ರಲ್ಲಿ, ಭಾರತೀಯ ಶುಶ್ರೂಷಾ ಪರಿಷತ್ತಿನ ಕಾಯಿದೆ ಬಂದಿತು. ಅದರ ಸ್ಥಾನದಲ್ಲಿ ಹೊಸ ರಾಷ್ಟ್ರೀಯ ಆಯೋಗವೊಂದನ್ನು ರಚಿಸುವ ಕಾಯಿದೆಯನ್ನು ಸಂಸತ್ತು 2023ರಲ್ಲಿ ಅಂಗೀಕರಿಸಿತು.

ಈಗ ಪದವಿಯ ವಿಷಯ. ಈ ಕ್ಷೇತ್ರದಲ್ಲಿ ಮೂರು ಮೆಟ್ಟಿಲುಗಳಿವೆ. ಎ.ಎನ್.ಎಂ. ಎಂಬುದು ಎರಡು ವರ್ಷಗಳ ಶಿಕ್ಷಣ, ಜಿ.ಎನ್.ಎಂ. ಎಂಬುದು ಮೂರು ವರ್ಷಗಳ ಡಿಪ್ಲೊಮಾ, ಬಿ.ಎಸ್‌ಸಿ. ನರ್ಸಿಂಗ್ ನಾಲ್ಕು ವರ್ಷಗಳ ಪದವಿ. ಡಿಪ್ಲೊಮಾ ಮುಗಿಸಿದವರು ಮತ್ತೆರಡು ವರ್ಷ ಓದಿ ಪದವಿಯನ್ನು ಪಡೆಯುವ ದಾರಿಯೂ ಇದೆ. ಪದವಿಗೆ ಸೇರಲು ಪಿ.ಯು.ಸಿ.ಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ, ಇಂಗ್ಲಿಷ್ ಓದಿರಬೇಕು. ಸಾಮಾನ್ಯ ವರ್ಗದವರಿಗೆ ಶೇಕಡ 45 ಅಂಕಗಳು ಬೇಕು. ವಯಸ್ಸು 17 ತುಂಬಿರಬೇಕು. ಇದು ಹೆಣ್ಣುಮಕ್ಕಳಿಗೆ ಮಾತ್ರ ಮೀಸಲಾದ ವಿದ್ಯೆಯಲ್ಲ. ಗಂಡುಮಕ್ಕಳೂ ಸೇರುತ್ತಾರೆ, ಸೇರಬೇಕು.

2021ರಿಂದ ಜಾರಿಗೆ ಬಂದ ಪಠ್ಯಕ್ರಮದಂತೆ ಈ ನಾಲ್ಕು ವರ್ಷಗಳು ಎಂಟು ಸೆಮಿಸ್ಟರುಗಳಾಗಿವೆ. ಮೊದಲ ವರ್ಷ ಅಂಗರಚನೆ, ಶರೀರಕ್ರಿಯೆ, ಜೀವರಸಾಯನ, ಆಹಾರಶಾಸ್ತ್ರ. ಅವುಗಳ ಜೊತೆಗೆ ಸಮಾಜಶಾಸ್ತ್ರ ಮತ್ತು ಮನಶ್ಶಾಸ್ತ್ರ. ಎರಡನೆಯ ವರ್ಷ ಸೂಕ್ಷ್ಮಜೀವಿಗಳು, ಔಷಧಗಳು, ರೋಗಲಕ್ಷಣಗಳು, ವಯಸ್ಕರ ಶುಶ್ರೂಷೆ, ವೃತ್ತಿಯ ನೀತಿಧರ್ಮ. ಮೂರನೆಯ ವರ್ಷದಿಂದ ಮಕ್ಕಳ ಆರೈಕೆ, ಮಾನಸಿಕ ಆರೋಗ್ಯ, ಸಮುದಾಯ ಆರೋಗ್ಯ, ಹೆರಿಗೆ ವಿದ್ಯೆ. ಬಳಿಕ ಸಂಶೋಧನೆ ಮತ್ತು ಸಂಖ್ಯಾಶಾಸ್ತ್ರ. ಕೊನೆಯ ಸೆಮಿಸ್ಟರು ಪೂರ್ತಿಯಾಗಿ ಆಸ್ಪತ್ರೆಯಲ್ಲೇ ಕೆಲಸ. ಕಾಲೇಜಿನ ಕೊಠಡಿಯಷ್ಟೇ ವಾರ್ಡು ಕೂಡ ಇವರ ಪಾಠಶಾಲೆ.

ಈ ಪಟ್ಟಿಯಲ್ಲಿ ಸಮಾಜಶಾಸ್ತ್ರ, ಮನಶ್ಶಾಸ್ತ್ರಗಳು ಏಕಿವೆ ಎಂದು ಒಬ್ಬ ತಂದೆ ನನ್ನನ್ನು ಕೇಳಿದರು. ಇಂಜೆಕ್ಷನ್ ಕೊಡಲು ಅವು ಏತಕ್ಕೆ? ಉತ್ತರ ಸರಳವಾಗಿದೆ. ವೈದ್ಯರು ದಿನಕ್ಕೆ ಒಂದೆರಡು ಬಾರಿ ರೋಗಿಯ ಬಳಿ ಬಂದು ಕೆಲವು ನಿಮಿಷ ನಿಲ್ಲುತ್ತಾರೆ. ಉಳಿದ ಹೊತ್ತೆಲ್ಲ ರೋಗಿಯನ್ನು ಕಾಣುವವರು, ಅವನ ಮಾತನ್ನು ಕೇಳುವವರು ದಾದಿಯರು. ಈ ಪದವಿಯಲ್ಲಿ ಅವರಿಗೆ ಐದು ಹೆಜ್ಜೆಗಳ ಒಂದು ಕ್ರಮವನ್ನು ಕಲಿಸುತ್ತಾರೆ: ರೋಗಿಯ ಸ್ಥಿತಿಯನ್ನು ಅರಿಯುವುದು, ಅವನ ಅಗತ್ಯವನ್ನು ನಿರ್ಣಯಿಸುವುದು, ಆರೈಕೆಯನ್ನು ಯೋಜಿಸುವುದು, ಅದನ್ನು ನಡೆಸುವುದು, ಫಲವನ್ನು ತೂಗಿ ನೋಡುವುದು. ಔಷಧ ಕೊಡುವ ಮುನ್ನ ಐದು ವಿಷಯ ಸರಿಯಿವೆಯೆ ಎಂದು ನೋಡಬೇಕು: ರೋಗಿ ಅವನೇ ಹೌದೆ, ಔಷಧ ಅದೇ ಹೌದೆ, ಪ್ರಮಾಣ, ವೇಳೆ, ಕೊಡುವ ಮಾರ್ಗ ಸರಿಯೆ? ವೈದ್ಯರು ಬರೆದದ್ದರಲ್ಲಿ ತಪ್ಪು ಕಂಡರೆ ಹಾಗೆಯೇ ಕೊಡುವುದಲ್ಲ, ನಿಲ್ಲಿಸಿ ಕೇಳುವುದು ಅವರ ಧರ್ಮ. ಇಲ್ಲಿಯೇ ಪದವಿಯ ಸಾರವಿದೆ. ವಿಧೇಯತೆಯಾಗಿ ಹೋಗಿದ್ದ ಶುಶ್ರೂಷೆಯನ್ನು ಈ ಶಿಕ್ಷಣ ಮತ್ತೆ ಅದರ ಮೂಲಾರ್ಥಕ್ಕೆ ಕರೆದೊಯ್ಯುತ್ತದೆ. ಹೇಳಿದ್ದನ್ನು ಮಾಡುವ ಕೈ ಎಲ್ಲಿಯೂ ಸಿಕ್ಕೀತು. ಕೇಳಿ ಅರ್ಥಮಾಡಿಕೊಳ್ಳುವ ಬುದ್ಧಿಯನ್ನು ಬೆಳೆಸಬೇಕು.

ಕೆಲವು ವರ್ಷಗಳ ಹಿಂದೆ ಒಂದು ಸಣ್ಣ ಶಸ್ತ್ರಚಿಕಿತ್ಸೆಗಾಗಿ ನಾನು ಆಸ್ಪತ್ರೆಯಲ್ಲಿ ನಾಲ್ಕು ದಿನ ಇರಬೇಕಾಯಿತು. ನನ್ನ ಎದುರಿನ ಹಾಸಿಗೆಯಲ್ಲಿ ಕಲಬುರಗಿ ಕಡೆಯ ಒಬ್ಬ ಮುದುಕರು ಕಾಲಿನ ಹುಣ್ಣಿಗೆ ಚಿಕಿತ್ಸೆ ಪಡೆಯುತ್ತಿದ್ದರು. ರಾತ್ರಿ ಎರಡು ಗಂಟೆಯ ಹೊತ್ತಿಗೆ ಅವರು ಎದ್ದು ಕುಳಿತರು. ರಾತ್ರಿ ಪಾಳಿಯಲ್ಲಿದ್ದವಳು ಕುಂದಾಪುರದ ಕಡೆಯ ಹುಡುಗಿ. "ಆರಾಮಿಲ್ಲ ಯವ್ವಾ, ಎದಿ ಮ್ಯಾಲ ಯಾರೋ ಕುಂತಂಗ ಆಗ್ಯಾದ" ಎಂದರು ಅವರು. ಜೊತೆಗಿದ್ದ ಮಗ ಕಣ್ಣು ತೆರೆಯದೆಯೇ, "ಗ್ಯಾಸ್ ಇರಬೇಕ್ರೀ ಸಿಸ್ಟರ್, ಒಂದು ಗುಳಿಗಿ ಕೊಡ್ರಿ" ಎಂದ. ಅವಳು ಗುಳಿಗೆ ತರಲು ಹೋಗಲಿಲ್ಲ. "ಅಜ್ಜ, ಎಲ್ಲಿ ಅಂತ ಕೈಯಿಟ್ಟು ತೋರಿಸಿ" ಎಂದಳು. ಮುದುಕರು ಬೆರಳಿಟ್ಟು ತೋರಿಸಲಿಲ್ಲ. ಎದೆಯ ನಡುವೆ ಅಂಗೈಯನ್ನೇ ಒತ್ತಿದರು. ಎಷ್ಟು ಹೊತ್ತಿನಿಂದ, ಎಡಗೈಗೆ ಹರಿಯುತ್ತಿದೆಯೆ, ಬೆವರು ಬಂತೆ ಎಂದು ಕೇಳುತ್ತಲೇ ಅವಳು ನಾಡಿ ಹಿಡಿದಳು, ರಕ್ತದೊತ್ತಡ ನೋಡಿದಳು, ವೈದ್ಯರಿಗೆ ಕರೆ ಕಳುಹಿಸಿ ಇ.ಸಿ.ಜಿ. ಯಂತ್ರವನ್ನು ತರಿಸಿದಳು, ಪ್ರತಿಯೊಂದಕ್ಕೂ ವೇಳೆಯನ್ನು ಬರೆದಿಟ್ಟಳು. ಹತ್ತು ನಿಮಿಷದಲ್ಲಿ ಮುದುಕರನ್ನು ತೀವ್ರ ನಿಗಾ ಘಟಕಕ್ಕೆ ಒಯ್ದರು. ಅದು ಹೃದಯಾಘಾತವೇ ಆಗಿತ್ತು, ತಡವಾಗಿದ್ದರೆ ಕಷ್ಟವಿತ್ತು ಎಂದು ಮರುದಿನ ತಿಳಿಯಿತು. ಅವಳನ್ನು ಮಾತನಾಡಿಸಿದೆ. ಎಂಟು ಹತ್ತು ಜನ ರೋಗಿಗಳನ್ನು ನೋಡಿಕೊಂಡು ಬೆಳಗಿನ ಪಾಳಿಯವರಿಗೆ ವರದಿ ಒಪ್ಪಿಸುತ್ತಿದ್ದವಳು, "ಗ್ಯಾಸ್ ಆದರೆ ಬೆರಳು ತೋರಿಸುತ್ತಾರೆ ಅಂತ ಏನೂ ಇಲ್ಲ ಸರ್. ಆದರೆ ಯಾರೋ ಕೂತ ಹಾಗೆ ಅಂದರಲ್ಲ, ಆ ಮಾತನ್ನು ಬಿಡುವ ಹಾಗಿಲ್ಲ" ಎಂದಳು. ಮೂವತ್ತು ವರ್ಷ ಸಾಹಿತ್ಯದಲ್ಲಿ ಉಪಮಾಲಂಕಾರವನ್ನು ಪಾಠಮಾಡಿದವನು ನಾನು. ಒಂದು ಉಪಮೆಯನ್ನು ಸರಿಯಾಗಿ ಕೇಳಿಸಿಕೊಂಡರೆ ಒಂದು ಜೀವ ಉಳಿದೀತು ಎಂಬುದನ್ನು ಅಂದು ಕಂಡೆ.

ಅರಿವುಳ್ಳ ಆರೈಕೆ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ನಮ್ಮ ನಾಡಿನ ಮಗಳೊಬ್ಬಳ ದುಃಖದ ಕಥೆಯೇ ಸಾಕ್ಷಿಯಾಗಿದೆ. ಉತ್ತರ ಕನ್ನಡದ ಹಳದೀಪುರದ ಅರುಣಾ ಶಾನಭಾಗ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ದಾದಿಯಾಗಿದ್ದರು. 1973ರಲ್ಲಿ ಅಲ್ಲಿಯ ನೌಕರನೊಬ್ಬನ ಕ್ರೂರ ಹಲ್ಲೆಗೆ ಒಳಗಾಗಿ ಪ್ರಜ್ಞೆಯಿಲ್ಲದಂಥ ಸ್ಥಿತಿಗೆ ಇಳಿದರು. 2015ರಲ್ಲಿ ತೀರಿಕೊಳ್ಳುವವರೆಗೆ 42 ವರ್ಷ ಅವರನ್ನು ನೋಡಿಕೊಂಡವರು ಅದೇ ಆಸ್ಪತ್ರೆಯ ದಾದಿಯರು. ಒಂದು ತಲೆಮಾರು ನಿವೃತ್ತವಾಗಿ ಇನ್ನೊಂದು ಬಂದಿತು. ಚಲನೆಯಿಲ್ಲದೆ ಮಲಗಿದವರ ಮೈಗೆ ಹಾಸಿಗೆ ಹುಣ್ಣು ಬಾರದಂತೆ ಕಾಯುವುದು ಎಷ್ಟು ಕಷ್ಟ ಎಂಬುದನ್ನು ಮನೆಯಲ್ಲಿ ಹಿರಿಯರನ್ನು ನೋಡಿಕೊಂಡವರು ಬಲ್ಲರು. ಹಗಲು ರಾತ್ರಿಯೆನ್ನದೆ ಮಗ್ಗುಲು ಬದಲಿಸಬೇಕು, ಚರ್ಮವನ್ನು ಒಣಗಿಸಬೇಕು, ಪುಷ್ಟಿಯ ಆಹಾರ ಕೊಡಬೇಕು. ಸರ್ವೋಚ್ಚ ನ್ಯಾಯಾಲಯ 2011ರ ತನ್ನ ತೀರ್ಪಿನಲ್ಲಿ ಆ ದಾದಿಯರನ್ನು ಮುಕ್ತಕಂಠದಿಂದ ಪ್ರಶಂಸಿಸಿತು. ಮಾತೇ ಇಲ್ಲದವರನ್ನು ಅವರು ನಾಲ್ಕು ದಶಕ ಕೇಳಿಸಿಕೊಂಡಿದ್ದರು. ಕೆಲಸದ ಸ್ಥಳದಲ್ಲಿ ದಾದಿಯರ ಸುರಕ್ಷತೆ ಎಷ್ಟು ಮುಖ್ಯವೆಂಬುದನ್ನೂ ಆ ಜೀವನವೇ ಹೇಳುತ್ತದೆ.

ಇನ್ನು ಈ ಪದವಿ ತೆರೆಯುವ ದಾರಿಗಳು. ಪದವಿ ಪಡೆದವರು ರಾಜ್ಯದ ಶುಶ್ರೂಷಾ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿಕೊಳ್ಳಬೇಕು. ಅದಿಲ್ಲದೆ ವೃತ್ತಿ ನಡೆಸುವಂತಿಲ್ಲ. ಬಳಿಕ ಮೊದಲ ದಾರಿ ಆಸ್ಪತ್ರೆ. ದೇಶದ ಏಮ್ಸ್ ಸಂಸ್ಥೆಗಳು 'ನಾರ್ಸೆಟ್' ಎಂಬ ಸಾಮಾನ್ಯ ಪರೀಕ್ಷೆಯ ಮೂಲಕ ಆಯ್ಕೆ ಮಾಡಿಕೊಳ್ಳುತ್ತವೆ. ಅಲ್ಲಿ ಹುದ್ದೆಯ ಹೆಸರು ಶುಶ್ರೂಷಾಧಿಕಾರಿ. ಎರಡನೆಯದು ಹಳ್ಳಿಯ ದಾರಿ. 2018ರಲ್ಲಿ ಆರಂಭವಾದ ಆರೋಗ್ಯ ಮತ್ತು ಕ್ಷೇಮ ಕೇಂದ್ರಗಳಿಗೆ ಈಗ ಆಯುಷ್ಮಾನ್ ಆರೋಗ್ಯ ಮಂದಿರ ಎಂದು ಹೆಸರು. ಉಪಕೇಂದ್ರದ ಮಟ್ಟದಲ್ಲಿ ಅಲ್ಲಿ ಸಮುದಾಯ ಆರೋಗ್ಯ ಅಧಿಕಾರಿಯಾಗಿ ಶುಶ್ರೂಷಾ ಪದವೀಧರರು ಕೆಲಸ ಮಾಡುತ್ತಾರೆ. ರಕ್ತದೊತ್ತಡ, ಸಕ್ಕರೆ ಕಾಯಿಲೆಗಳನ್ನು ಹಳ್ಳಿಯಲ್ಲೇ ಗುರುತಿಸುವವರು ಇವರು. ಮೂರನೆಯದು ಸೈನ್ಯ. ಸಶಸ್ತ್ರ ಪಡೆಗಳ ವೈದ್ಯಕೀಯ ಸೇವೆಗೆ ಸೇರಿದ ಆರು ಶುಶ್ರೂಷಾ ಕಾಲೇಜುಗಳಲ್ಲಿ ಒಂದು ನಮ್ಮ ಬೆಂಗಳೂರಿನ ವಾಯುಪಡೆಯ ಕಮಾಂಡ್ ಆಸ್ಪತ್ರೆಯಲ್ಲಿದೆ. ಅಲ್ಲಿ ಓದಿ ಹೊರಬಂದ ಹೆಣ್ಣುಮಕ್ಕಳು ಲೆಫ್ಟಿನೆಂಟ್ ದರ್ಜೆಯಿಂದ ಸೇವೆ ಆರಂಭಿಸುತ್ತಾರೆ. ನಾಲ್ಕನೆಯದು ಉನ್ನತ ವ್ಯಾಸಂಗ. ಎರಡು ವರ್ಷದ ಎಂ.ಎಸ್‌ಸಿ.ಯಲ್ಲಿ ಮಕ್ಕಳ ಆರೈಕೆ, ಪ್ರಸೂತಿ, ಮನೋರೋಗ, ಸಮುದಾಯ ಆರೋಗ್ಯ ಮೊದಲಾದ ವಿಭಾಗಗಳಿವೆ. ಮನೋರೋಗ ಶುಶ್ರೂಷೆಗೆ ಬೆಂಗಳೂರಿನ ನಿಮ್ಹಾನ್ಸ್ ದೇಶದಲ್ಲೇ ಹೆಸರಾಂತ ಸ್ಥಾನ. ಮುಂದೆ ಪಿಎಚ್.ಡಿ., ಅಧ್ಯಾಪನ, ಸಂಶೋಧನೆ, ಆಡಳಿತ.

ಐದನೆಯದು ಪರದೇಶ. ವಿಶ್ವ ಆರೋಗ್ಯ ಸಂಸ್ಥೆಯ 2025ರ ವರದಿಯಂತೆ 2023ರಲ್ಲಿ ಜಗತ್ತಿನಲ್ಲಿ ಸುಮಾರು 2.98 ಕೋಟಿ ದಾದಿಯರಿದ್ದರು. ಇನ್ನೂ 58 ಲಕ್ಷ ಜನರ ಕೊರತೆಯಿತ್ತು. ಕೊಲ್ಲಿ ದೇಶಗಳು, ಬ್ರಿಟನ್, ಅಮೆರಿಕ, ಜರ್ಮನಿ ಇವೆಲ್ಲ ನಮ್ಮವರನ್ನು ಕರೆಯುತ್ತಿರುವುದು ಈ ಕಾರಣಕ್ಕೆ. ಅಮೆರಿಕಕ್ಕೆ ಅವರದೇ ಅರ್ಹತಾ ಪರೀಕ್ಷೆಯಿದೆ. ಬ್ರಿಟನ್ನಿಗೆ ಇಂಗ್ಲಿಷ್ ಪರೀಕ್ಷೆಯೂ ಕೌಶಲದ ಪರೀಕ್ಷೆಯೂ ಇವೆ. ಜರ್ಮನಿಗೆ ಹೋಗಬೇಕಾದರೆ ಜರ್ಮನ್ ಭಾಷೆಯನ್ನೇ ಕಲಿಯಬೇಕು.

ದಾರಿಗಳನ್ನು ಹೇಳಿದವನು ಮುಳ್ಳುಗಳನ್ನೂ ಹೇಳಬೇಕು. ಶುಶ್ರೂಷಾ ಕಾಲೇಜುಗಳ ಸಂಖ್ಯೆಯಲ್ಲಿ ಕರ್ನಾಟಕ ದೇಶದ ಮುಂಚೂಣಿಯಲ್ಲಿದೆ. ನೆರೆಯ ಕೇರಳದಿಂದಲೂ ದೂರದ ಈಶಾನ್ಯ ರಾಜ್ಯಗಳಿಂದಲೂ ಮಕ್ಕಳು ಇಲ್ಲಿಗೆ ಬರುತ್ತಾರೆ. ಎಲ್ಲ ಕಾಲೇಜುಗಳೂ ಒಂದೇ ಬಗೆಯವಲ್ಲ. ಕಟ್ಟಡ ಚೆನ್ನಾಗಿದ್ದರೆ ಸಾಲದು. ಅದಕ್ಕೆ ಸೇರಿದ ಆಸ್ಪತ್ರೆ ಇದೆಯೆ, ಅದರಲ್ಲಿ ನಿಜವಾಗಿ ರೋಗಿಗಳಿದ್ದಾರೆಯೆ ಎಂದು ತಂದೆತಾಯಿಯರು ಒಮ್ಮೆ ಹೋಗಿ ಕಣ್ಣಾರೆ ನೋಡಬೇಕು. ರೋಗಿಗಳಿಲ್ಲದ ಆಸ್ಪತ್ರೆಯಲ್ಲಿ ಶುಶ್ರೂಷೆ ಕಲಿಯುವುದೆಂದರೆ ನೀರಿಲ್ಲದ ಕೆರೆಯಲ್ಲಿ ಈಜು ಕಲಿತಂತೆ. ಎರಡನೆಯ ಮುಳ್ಳು ಸಂಬಳ. ಸರ್ವೋಚ್ಚ ನ್ಯಾಯಾಲಯದ 2016ರ ನಿರ್ದೇಶನದಂತೆ ರಚಿತವಾದ ಸಮಿತಿ, 50ಕ್ಕಿಂತ ಕಡಿಮೆ ಹಾಸಿಗೆಗಳಿರುವ ಖಾಸಗಿ ಆಸ್ಪತ್ರೆಯಲ್ಲೂ ದಾದಿಯರಿಗೆ ತಿಂಗಳಿಗೆ 20,000 ರೂಪಾಯಿಗಿಂತ ಕಡಿಮೆ ಕೊಡಬಾರದೆಂದೂ, 200ಕ್ಕಿಂತ ಹೆಚ್ಚು ಹಾಸಿಗೆಗಳಿದ್ದರೆ ಸರ್ಕಾರಿ ದಾದಿಯರಷ್ಟೇ ವೇತನ ಕೊಡಬೇಕೆಂದೂ ಶಿಫಾರಸು ಮಾಡಿತು. ಶಿಫಾರಸಿಗೂ ಆಚರಣೆಗೂ ನಡುವೆ ಇರುವ ದೂರವನ್ನು ಅನೇಕ ಯುವತಿಯರು ತಮ್ಮ ಸಂಬಳದ ದಿನ ಅಳೆಯುತ್ತಿದ್ದಾರೆ. ಹತ್ತಾರು ರೋಗಿಗಳನ್ನು ಒಬ್ಬಳ ಮೇಲೆ ಹೇರಿದರೆ ಎಂಥ ಪದವೀಧರೆಯಾದರೂ ಯಾರ ಮಾತನ್ನೂ ಕೇಳಲಾರಳು. ಕೇಳಲು ಪುರುಸೊತ್ತು ಬೇಕು. ಆ ಪುರುಸೊತ್ತನ್ನು ಒದಗಿಸುವುದು ಆಡಳಿತದ ಹೊಣೆ.

ಕಡೆಯದಾಗಿ, ಕನ್ನಡದ ಅಧ್ಯಾಪಕನಾಗಿ ನಾನು ಹೇಳಲೇಬೇಕಾದ ಒಂದು ಮಾತು. ಪಠ್ಯವೆಲ್ಲ ಇಂಗ್ಲಿಷಿನಲ್ಲಿದೆ, ನೋವು ಮಾತ್ರ ಕನ್ನಡದಲ್ಲಿದೆ. ಮೈಸೂರಿನವರು 'ಹುಷಾರಿಲ್ಲ' ಎಂದರೆ ಧಾರವಾಡದವರು 'ಆರಾಮಿಲ್ಲ' ಎನ್ನುತ್ತಾರೆ. ಕರಾವಳಿಯವರು 'ಸೌಖ್ಯವಿಲ್ಲ' ಎನ್ನುತ್ತಾರೆ. ಉತ್ತರದ 'ಬ್ಯಾನಿ' ಹೊಟ್ಟೆನೋವೂ ಆಗಬಹುದು, ಹೆರಿಗೆಯ ನೋವೂ ಆಗಬಹುದು. ಉರಿ, ಸೆಳೆತ, ಸಿಡಿತ, ಜೋಮು, ಚುಚ್ಚು, ಹಿಂಡು, ತೊಳಸು: ಇವೆಲ್ಲ ಬೇರೆ ಬೇರೆ ನೋವುಗಳು. ಇವನ್ನೆಲ್ಲ 'ಪೇನ್' ಎಂಬ ಒಂದೇ ಪದದಲ್ಲಿ ಬರೆದರೆ ರೋಗಿ ಹೇಳಿದ್ದರಲ್ಲಿ ಅರ್ಧ ನಷ್ಟವಾಗುತ್ತದೆ. ಪಾವಗಡದ ಸೂಲಗಿತ್ತಿ ನರಸಮ್ಮನವರು ಯಾವ ಕಾಲೇಜಿಗೂ ಹೋಗದೆ ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆಗಳನ್ನು ಮಾಡಿಸಿದರೆಂದು ನಾಡು ಬಲ್ಲದು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂದಿತು, ಅದೇ ವರ್ಷ ಅವರು ತೀರಿಕೊಂಡರು. ಅವರಿಗಿಲ್ಲದಿದ್ದ ಶಾಸ್ತ್ರ ನಮ್ಮ ಪದವೀಧರರಿಗಿದೆ. ಅವರಿಗಿದ್ದ ನುಡಿಯೂ ಇವರಿಗೆ ಬೇಕು. ಜರ್ಮನಿಯ ರೋಗಿಯನ್ನು ನೋಡಿಕೊಳ್ಳಲು ಜರ್ಮನ್ ಕಲಿಯಬೇಕು ಎಂದರೆ ಯಾರೂ ಆಶ್ಚರ್ಯಪಡುವುದಿಲ್ಲ. ರಾಯಚೂರಿನ ರೋಗಿಯನ್ನು ನೋಡಿಕೊಳ್ಳುವವರು ರಾಯಚೂರಿನ ಕನ್ನಡವನ್ನು ಬಲ್ಲವರಾಗಬೇಕು ಎಂಬುದು ಅಷ್ಟೇ ಸಹಜವಾದ ಮಾತು. ಹೊರನಾಡಿನಿಂದ ಬಂದ ಮಕ್ಕಳಿಗೂ, ನಮ್ಮದೇ ಪೇಟೆಯ ಮಕ್ಕಳಿಗೂ ಊರೂರಿನ ನೋವಿನ ಮಾತುಗಳನ್ನು ಕಲಿಸುವ ಒಂದು ಸಣ್ಣ ಪುಸ್ತಕವನ್ನು ಕನ್ನಡದ ಅಧ್ಯಾಪಕರೂ ಶುಶ್ರೂಷೆಯ ಅಧ್ಯಾಪಕರೂ ಕೂಡಿ ಸಿದ್ಧಪಡಿಸಿದರೆ, ಅದು ಅನೇಕ ಪಂಡಿತ ನಿಘಂಟುಗಳಿಗಿಂತ ಹೆಚ್ಚು ಉಪಕಾರ ಮಾಡೀತು.

ಮಗಳನ್ನೋ ಮಗನನ್ನೋ ಈ ವಿದ್ಯೆಗೆ ಕಳುಹಿಸಬೇಕೆಂದಿರುವ ತಂದೆತಾಯಿಯರಲ್ಲಿ ನನ್ನ ವಿನಂತಿ ಇಷ್ಟೆ. ಅಂಕ ಎಷ್ಟು ಬಂದಿದೆ, ಯಾವ ದೇಶದಲ್ಲಿ ಎಷ್ಟು ಸಂಬಳ ಎಂದು ವಿಚಾರಿಸುವ ಮೊದಲು ಒಂದು ಪ್ರಶ್ನೆಯನ್ನು ಕೇಳಿಕೊಳ್ಳಿ: ಮನೆಯಲ್ಲಿ ಅಜ್ಜಿ ಹೇಳಿದ್ದನ್ನೇ ಹತ್ತನೆಯ ಸಲ ಹೇಳುತ್ತಿರುವಾಗ ಈ ಮಗು ಕೂತು ಕೇಳುತ್ತದೆಯೆ? ಕೇಳುತ್ತದೆ ಎಂದಾದರೆ ಧೈರ್ಯವಾಗಿ ಕಳುಹಿಸಿ. ಉಳಿದದ್ದನ್ನು ಆ ನಾಲ್ಕು ವರ್ಷಗಳು ಕಲಿಸುತ್ತವೆ.